ಅವ್ವ ಕೇಳಿಯೇ ಮುಗಿಸಿದ ಧಾರಾವಾಹಿಗಳು

ದೊಡ್ಡವ್ವ ಧಾರವಾಡದಿಂದ ಪುಣೆಗೆ ಬಂದಿದ್ದಳು. ದೀಪಾವಳಿ ಆಗಷ್ಟೇ ಮುಗಿದಿತ್ತು. ಸಂಜೆ ನಾನು ಕಾಲು ಮಡಚಿಕೊಂಡು ಕೂತು ಒಂದು ಮರಾಠಿ ವಿಶೇಷಾಂಕ ಓದುತ್ತಿದ್ದೆ. ನಮ್ಮ ಯಜಮಾನರು ಕೆಳಗಿನ ಪೋಳಿ-ಭಾಜಿ ಕೇಂದ್ರದಿಂದ, ಅಂದರೆ ಚಪಾತಿ, ಪಲ್ಯ ಮಾಡಿ ಮಾರುವ ಅಂಗಡಿಯಿಂದ, ಭಾಕ್ರಿ ಕಟ್ಟಿಸಿಕೊಂಡು ಬಂದರು. ಭಾಕ್ರಿ ಅಂದರೆ ನಮ್ಮ ಜೋಳದ ರೊಟ್ಟಿಯೇ. ಪೊಟ್ಟಣ ಬಿಚ್ಚುವುದನ್ನೇ ನೋಡುತ್ತಿದ್ದ ದೊಡ್ಡವ್ವ, "ಮನ್ಯಾಗ ಹೆಣ್ಮಗಳು ಇದ್ದೂ ರೊಟ್ಟಿ ಕೊಂಡು ತಿಂತೀರೇನವಾ? ಊರಾಗ ಯಾರರ ಕೇಳಿದ್ರ ಏನಂದಾರು?" ಅಂದಳು. ಪ್ರೀತಿಯಿಂದಲೇ ಅಂದದ್ದು. ಆದರೂ ಚುಚ್ಚಿತು. ಆಮೇಲೆ ಓದಿದ್ದು ಒಂದು ಸಾಲೂ ತಲೆಗೆ ಹೋಗಲಿಲ್ಲ.

ಅವಳಿಗೆ ಆಗ ಉತ್ತರ ಕೊಡಲಿಲ್ಲ. ಹಿರಿಯಳು, ನಾಲ್ಕು ದಿನಕ್ಕೆ ಬಂದವಳು. ಆದರೆ ಉತ್ತರ ನನ್ನ ಹತ್ತಿರ ಇದೆ.

ಧಾರವಾಡದ ನಮ್ಮ ಮನೆಯಲ್ಲಿ ಏಳಕ್ಕೆ ಟಿವಿ ಶುರುವಾಗುತ್ತಿತ್ತು. ಅಪ್ಪ, ಅಣ್ಣ, ನಾನು, ಬಾಜೂಮನೆಯ ಕಾಕು, ಎಲ್ಲರೂ ಪಡಸಾಲೆಯಲ್ಲಿ. ಅವ್ವ ಒಳಗೆ. ರೊಟ್ಟಿ ಬಡಿಯುವ ಸಪ್ಪಳ ಟಿವಿಯ ಮಾತಿನ ಜೊತೆಗೇ ಕೇಳುತ್ತಿತ್ತು. ಜಾಹೀರಾತು ಬಂದರೆ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುವಳು. "ಏನಾತು? ಆಕಿ ಮನಿ ಬಿಟ್ಟು ಹ್ವಾದಳೇನು?" ಯಾರಾದರೂ ಎರಡು ಮಾತು ಹೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ. ಓಡುವಳು. ಅವ್ವ ಧಾರಾವಾಹಿಗಳನ್ನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಪಾತ್ರಗಳನ್ನು ದನಿಯಿಂದ ಗುರುತು ಹಿಡಿಯುತ್ತಿದ್ದಳು. ವರ್ಷಗಟ್ಟಲೆ ನಡೆದ ಒಂದು ಧಾರಾವಾಹಿಯ ನಾಯಕಿಯ ಫೋಟೋ ಪೇಪರಿನಲ್ಲಿ ಬಂದಾಗ, "ಯಾರಿಕಿ?" ಅಂತ ಕೇಳಿದ್ದಳು. ನಾವು ನಕ್ಕಿದ್ದೆವು. ಈಗ ನೆನೆದರೆ ನಗು ಬರುವುದಿಲ್ಲ.

ಇದಕ್ಕೆ ಅರ್ಧ ಕಾರಣ ಜೋಳ. ಗೋಧಿ ಹಿಟ್ಟಿನ ಹಾಗೆ ಜೋಳದ ಹಿಟ್ಟಿಗೆ ಜಿಗಿ ಇಲ್ಲ. ಕುದಿಯುವ ಎಸರು ಹಾಕಿ, ಸುಡುವಾಗಲೇ ನಾದಬೇಕು. ಉಂಡೆ ಮಾಡಿ ಇಟ್ಟರೆ ಒಣಗಿ ಸೀಳುತ್ತದೆ. ಒಂದೊಂದೇ ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಉಬ್ಬುವ ತನಕ ಕಣ್ಣಿಟ್ಟು ನಿಲ್ಲಬೇಕು. ಉಳಿದರ್ಧ ಕಾರಣ ನಾವು. "ಅವ್ವಾ, ಇನ್ನೊಂದು ಬಿಸೇದು" ಅನ್ನುತ್ತಿದ್ದವರು ನಾವೇ ಅಲ್ವಾ? ಎಲ್ಲರ ಊಟ ಮುಗಿದ ಮೇಲೆ ಅವ್ವ ತಾಟು ಹಚ್ಚಿಕೊಳ್ಳುವಾಗ ಅವಳ ಪಾಲಿಗೆ ಆರಿದ ರೊಟ್ಟಿ, ತಳಕ್ಕೆ ಹತ್ತಿದ ಝುಣಕ, ಟಿವಿಯಲ್ಲಿ ಸುದ್ದಿ.

ಟಿವಿ ಬರುವುದಕ್ಕಿಂತ ಮೊದಲಿನ ದಿನಗಳೇ ಅವಳಿಗೆ ಚಲೋ ಇದ್ದವು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮ ಮನೆಯ ರೇಡಿಯೋ ಅಡುಗೆಮನೆಯ ಮಾಡದಲ್ಲೇ ಇತ್ತು. ನಾಟಕ, ವಚನ, ಹಾಡು, ಎಲ್ಲ ಅವ್ವನ ಕೆಲಸದ ನಡುವೆಯೇ ಬರುತ್ತಿದ್ದವು. ರೇಡಿಯೋಕ್ಕೆ ಕಿವಿ ಕೊಟ್ಟರೆ ಸಾಕು. ಟಿವಿ ಮಾತ್ರ ಎಲ್ಲ ಬಿಟ್ಟು ಎದುರಿಗೆ ಬಂದು ಕೂಡು ಅನ್ನುತ್ತದೆ. ಕೂಡಲು ಆಗದವಳನ್ನು ಅದು ಹೊರಗಿಟ್ಟಿತು. ಟಿವಿ ಬಂದ ಮೇಲೆ ಮನೆಮಂದಿ ಎಲ್ಲ ಒಟ್ಟಿಗೆ ಕೂತೆವು ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ನಮ್ಮ ಮನೆಯಲ್ಲಂತೂ ಒಬ್ಬಳು ಕೂತಿರಲಿಲ್ಲ.

ಪುಣೆಯಲ್ಲಿ ನಮ್ಮ ಎದುರುಮನೆಯ ಆಜಿಯನ್ನು ನೋಡಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮುಂಜಾನೆ ಅವರದೇ ಅಡುಗೆ, ಬಾಯಿಗೆ ರುಚಿಯಾಗಿ ಮಾಡುತ್ತಾರೆ. ಸಂಜೆಗೆ ಭಾಕ್ರಿ ಕೇಂದ್ರದ್ದು. ಏಳಕ್ಕೆ ಗ್ಯಾಸ್ ಬಂದ್. ಒಂದು ಧಾರಾವಾಹಿ ನೋಡುತ್ತಾರೆ, ಅದು ಮುಗಿದರೆ ಟಿವಿ ಆರಿಸಿ ಓದಲು ಕೂಡುತ್ತಾರೆ. ಹಸಿವಾದವರು ಬಡಿಸಿಕೊಂಡು ಉಣ್ಣಬೇಕು. ಮಗನೂ ಏನೂ ಅನ್ನುವುದಿಲ್ಲ, ಸೊಸೆಯೂ ಅನ್ನುವುದಿಲ್ಲ. ದೀಪಾವಳಿ ಬಂತೆಂದರೆ ಬಾಡಿಗೆ ಗ್ರಂಥಾಲಯಕ್ಕೆ ದುಡ್ಡು ಕಟ್ಟಿ ಒಂದಾದ ಮೇಲೊಂದು ದಿವಾಳಿ ಅಂಕ, ಅಂದರೆ ಮರಾಠಿ ಪತ್ರಿಕೆಗಳ ದೀಪಾವಳಿ ವಿಶೇಷಾಂಕ, ತರಿಸುತ್ತಾರೆ. 1909ರಲ್ಲಿ 'ಮನೋರಂಜನ' ಪತ್ರಿಕೆ ಹಾಕಿಕೊಟ್ಟ ಪದ್ಧತಿ ಅದು. ಇಂದಿಗೂ ಚಕ್ಕುಲಿ, ಕರಂಜಿಯ ಜೊತೆ ಮನೆಮನೆಗೆ ಅಂಕಗಳು ಬರುತ್ತವೆ. ನಾನು ಮರಾಠಿ ಓದಲು ಕಲಿತದ್ದು ಆಜಿ ಓದಿ ಕೊಟ್ಟ ಅಂಕಗಳಿಂದಲೇ.

ಕೇಂದ್ರದಲ್ಲಿ ಬಡಿಯುವವರೂ ಹೆಣ್ಣುಮಕ್ಕಳೇ ಅಲ್ಲವೇ ಅಂತ ಯಾರಾದರೂ ಕೇಳಬಹುದು. ಹೌದು. ಅವರಿಗೆ ಪಗಾರ ಇದೆ, ಮನೆಗೆ ಹೋಗಲು ಇಂತಿಷ್ಟು ಗಂಟೆ ಅಂತ ಇದೆ. ಅವ್ವನಿಗೆ ಎರಡೂ ಇರಲಿಲ್ಲ.

ನನಗೆ ಸಿಟ್ಟು ಬರುವುದು ಯಾಕೆಂದರೆ, ಓದುವುದನ್ನು ಧಾರವಾಡಕ್ಕೆ ಯಾರೂ ಕಲಿಸಬೇಕಾಗಿಲ್ಲ. 1890ರಿಂದ ವಿದ್ಯಾವರ್ಧಕ ಸಂಘ ಇರುವ ಊರು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲಾ ಪ್ರಕಾಶನ ಇರುವ ಊರು. ಸುಭಾಷ್ ರೋಡಿನ ಅದರ ಅಟ್ಟದ ಮೇಲೆ ಎಂಥೆಂಥವರು ಕೂತು ಹರಟೆ ಹೊಡೆದಿಲ್ಲ! ನಮ್ಮ ಅಪ್ಪನೂ ಗ್ರಂಥಮಾಲೆಯ ಚಂದಾದಾರರು. ಹೊಸ ಪುಸ್ತಕ ಬಂದರೆ ಮನೆಯಲ್ಲಿ ಹಬ್ಬ. ಅವ್ವನೂ ಅದನ್ನು ಓದುವಳು, ಆದರೆ ಎಲ್ಲರೂ ಓದಿ, ನಾಲ್ಕು ಮನೆ ತಿರುಗಿ, ರಟ್ಟು ಕಿತ್ತ ಮೇಲೆ. ಪುಸ್ತಕದ ಬಗ್ಗೆ ಪಡಸಾಲೆಯಲ್ಲಿ ಜೋರು ಮಾತು ನಡೆದಾಗ ಅವಳು ಚಹಾ ಸೋಸುತ್ತಿದ್ದಳು.

ಬಿಸಿ ರೊಟ್ಟಿಯೇ ಬೇಕು ಅನ್ನುವುದು ನಮ್ಮಲ್ಲಿ ಎಂದೂ ಕಲ್ಲಿನಲ್ಲಿ ಕೊರೆದ ಶಾಸನ ಆಗಿರಲಿಲ್ಲ. ಪಂಚಮಿಯ ರೊಟ್ಟಿ ಹಬ್ಬಕ್ಕೆ ಏನು ಮಾಡುತ್ತೇವೆ? ವಾರ ಮೊದಲೇ ಎಳ್ಳು ಹಚ್ಚಿದ ಖಡಕ್ ರೊಟ್ಟಿ ಮಾಡಿ ಬುಟ್ಟಿ ತುಂಬುತ್ತೇವೆ. ಮನೆಯಿಂದ ಮನೆಗೆ ಹಂಚುತ್ತೇವೆ. ಬದನೆಕಾಯಿ, ಮಡಕಿ ಕಾಳು, ಗುರೆಳ್ಳು ಚಟ್ನಿ, ಮೊಸರು ಹಚ್ಚಿಕೊಂಡು ಮುರಿದು ತಿನ್ನುತ್ತೇವೆ. ಅವತ್ತು ಹಂಚಿನ ಮುಂದೆ ಯಾರೂ ನಿಲ್ಲುವುದಿಲ್ಲ. ರೊಟ್ಟಿ ಆರಿದೆ ಅಂತ ಯಾರೂ ಮುಖ ಸಿಂಡರಿಸುವುದೂ ಇಲ್ಲ. ಹಬ್ಬದ ದಿನ ನಡೆಯುವುದು ಸುಮ್ನೆ ಒಂದು ಮಂಗಳವಾರ ಯಾಕೆ ನಡೆಯಬಾರದು?

ಹುಬ್ಬಳ್ಳಿ, ಗದಗಿನಲ್ಲಿ ಈಗ ಅದೂ ನಡೆದಿದೆ, ಒಪ್ಪುತ್ತೇನೆ. ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದಾರೆ. ನಮ್ಮ ವೈನಿಯೂ, ಅಣ್ಣನ ಹೆಂಡತಿ, ತರಿಸುತ್ತಾಳೆ. ಬೀಗರು ಬಂದ ದಿನ ಮಾತ್ರ ಆ ಡಬ್ಬಿ ಒಳಗೆ ಹೋಗುತ್ತದೆ, ಹಂಚು ಒಲೆಗೆ ಏರುತ್ತದೆ.

ರುಚಿಯ ಮಾತಿಗೆ ಬಂದರೆ ನಾನು ವಾದ ಮಾಡುವುದಿಲ್ಲ. ಜೋಳ ಎರಡೂ ಕಡೆ ಅದೇ ಮಾಲದಂಡಿ ತಳಿ. ಆದರೂ ಕೇಂದ್ರದ ಭಾಕ್ರಿ ಮನೆಗೆ ಬರುವಷ್ಟರಲ್ಲಿ ಬೆವೆತು ನಾರಿನ ಹಾಗೆ ಎಳೆಯುತ್ತದೆ. ಹಂಚಿನಿಂದ ನೇರ ತಾಟಿಗೆ ಬಿದ್ದ ರೊಟ್ಟಿ, ಮೇಲೆ ಕೆಂಪಿಂಡಿ ಚಟ್ನಿ, ಅದರ ಮೇಲೆ ಎಣ್ಣೆ. ಅದಕ್ಕೆ ಸಮ ಇಲ್ಲ.

ಇನ್ನೊಂದು ಮಾತೂ ಹೇಳಬೇಕು. ಹುಬ್ಬಳ್ಳಿಯಿಂದ ಬರುವ 'ಕಸ್ತೂರಿ' ಮಾಸಪತ್ರಿಕೆಯನ್ನು ಅಪ್ಪ ಮಧ್ಯಾಹ್ನ ಗಟ್ಟಿಯಾಗಿ ಓದುತ್ತಿದ್ದರು. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುವಳು. "ತಡೀರಿ, ಅದನ್ನ ಇನ್ನೊಮ್ಮೆ ಓದ್ರಿ" ಅನ್ನುವಳು. ಅಪ್ಪ ಬೇಸರಪಡದೆ ಮತ್ತೆ ಓದುವರು. ಇಲ್ಲಿ ಆಜಿ ಒಬ್ಬರೇ ಓದುತ್ತಾರೆ. ನಾನು ಒಬ್ಬಳೇ ಓದುತ್ತೇನೆ. ನಮ್ಮ ಯಜಮಾನರು ಕಿವಿಗೆ ಸಿಕ್ಕಿಸಿಕೊಂಡು ಫೋನಿನಲ್ಲಿ ನೋಡುತ್ತಾರೆ. ಇಷ್ಟು ವರ್ಷದಲ್ಲಿ ಪುಣೆಯ ಯಾವ ಮನೆಯಲ್ಲೂ ಒಬ್ಬರು ಇನ್ನೊಬ್ಬರಿಗೆ ಓದಿ ಹೇಳುವುದನ್ನು ನಾನು ಕಂಡಿಲ್ಲ.

ಹೋದ ವಾರ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ವೈನಿ ರೊಟ್ಟಿ ಬಡಿಯೂ ಹೊತ್ತಿನಾಗ ಟಿವಿ ಬಂದ್ ಮಾಡಿ, ಅಡಗಿಮನಿ ಬಾಗಲಾಗ ಕೂತು ಏನರ ಓದು. ಇಲ್ಲಾಂದ್ರ ಖಡಕ್ ರೊಟ್ಟಿ ತಂದು, ಆಕಿನ್ನ ಟಿವಿ ಮುಂದ ಕೂಡಸು. ಎರಡರಾಗ ಒಂದರ ಮಾಡಪಾ."