ಖಾಲಿ ತಿರುಗುವ ಗ್ರೈಂಡರು

ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಒಂದು ಗ್ರೈಂಡರ್ ಕೂತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನನ್ನನ್ನು ನೋಡಿದಾಗಲೆಲ್ಲ ನನ್ನ ಹೆಂಡತಿಗೂ ಹಾಗೇ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವ ಆಪ್‌ನಲ್ಲಿ ಕಂಡದ್ದು. 'ಎರಡು ಲೀಟರ್ ಟೇಬಲ್ ಟಾಪ್ ಗ್ರೈಂಡರ್. ಒಂದೇ ಸಲ ಬಳಸಿದ್ದು. ಫಾರಿನ್‌ಗೆ ಹೋಗುತ್ತಿರುವುದರಿಂದ ಮಾರಾಟ. 2500.' ಈ ಫಾರಿನ್ನಿನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಆಪ್ ನಂಬುವುದಾದರೆ ಮುಂದಿನ ತಿಂಗಳ ಹೊತ್ತಿಗೆ ಬೆಂಗಳೂರಿನಲ್ಲಿ ನಾನು, ನೀವು ಮತ್ತು ಬೀದಿನಾಯಿಗಳು ಮಾತ್ರ ಉಳಿಯುತ್ತೇವೆ. ಮಿಕ್ಕವರೆಲ್ಲ ಮಂಚ, ಸೋಫಾ, ಕುಕ್ಕರ್ ಮಾರಿ ವಿಮಾನ ಹತ್ತುತ್ತಿದ್ದಾರೆ. ಹತ್ತುವ ಮುಂಚೆ ಎಲ್ಲವನ್ನೂ ಒಂದೊಂದೇ ಸಲ ಬಳಸಿದ್ದಾರೆ.

ಭಾನುವಾರ ಬೆಳಿಗ್ಗೆ ನಾಗರಬಾವಿಗೆ ಹೋದೆ. ಮಾರುವವನು ಒಳ್ಳೇ ಮನುಷ್ಯನ ಹಾಗೆ ಕಂಡ. ಕುಡಿಯೋಕೆ ನೀರು ಕೊಟ್ಟ. ಸ್ವಿಚ್ ಹಾಕಿದ. ಗ್ರೈಂಡರ್ ಗರಗರ ತಿರುಗಿತು. ನಾನು ತುಂಬಾ ತಿಳಿದವನ ಹಾಗೆ ಕಿವಿ ಹತ್ತಿರ ಇಟ್ಟು ಕೇಳಿದೆ. ಏನು ಕೇಳಬೇಕು ಅಂತ ಗೊತ್ತಿರಲಿಲ್ಲ, ಆದರೂ ತಲೆಯಾಡಿಸಿದೆ. ಡ್ರಮ್ಮಿನ ತಳದಲ್ಲಿ ಒಂದು ಬೆರಳು ದಪ್ಪ ಒಣಗಿದ ಹಿಟ್ಟಿತ್ತು. ಒಂದೇ ಸಲ ರುಬ್ಬಿದ್ದಕ್ಕೆ ಇಷ್ಟು ಮೆತ್ತಿಕೊಂಡಿದೆಯಾ ಅನ್ನೋ ಪ್ರಶ್ನೆ ಬಂತು. ಆದರೆ ಆತ ಅಷ್ಟೊತ್ತಿಗೆ 2200ಕ್ಕೆ ಒಪ್ಪಿಬಿಟ್ಟಿದ್ದ. 300 ರೂಪಾಯಿ ಇಳಿಸಿದ ಖುಷಿಯಲ್ಲಿ ಮನುಷ್ಯನಿಗೆ ಹಿಟ್ಟು ಕಾಣಿಸುವುದಿಲ್ಲ.

ಮನೆಗೆ ತಂದು, ತೊಳೆದು, ಸಂಜೆ ದೋಸೆಗೆ ಅಕ್ಕಿ ಹಾಕಿದೆವು. ಆರು ನಿಮಿಷ ತಿರುಗಿತು. ಏಳನೇ ನಿಮಿಷ ನರಳಿತು. ಎಂಟಕ್ಕೆ ಸುಟ್ಟ ವಾಸನೆ ಬಿಟ್ಟು ನಿಂತಿತು. ಅಕ್ಕಿ ತೆಗೆದು ಹಾಕಿದರೆ ಮತ್ತೆ ಗರಗರ! ಖಾಲಿ ಎಷ್ಟು ಹೊತ್ತು ಬೇಕಾದರೂ ತಿರುಗುತ್ತದೆ. ಕೆಲಸ ಕೊಟ್ಟರೆ ಮಾತ್ರ ಆಗುವುದಿಲ್ಲ. ಇಂಥವರನ್ನು ನಾನು ಆಫೀಸಿನಲ್ಲಿ ನೋಡಿದ್ದೇನೆ, ಆದರೆ ದುಡ್ಡು ಕೊಟ್ಟು ಮನೆಗೆ ತಂದದ್ದು ಇದೇ ಮೊದಲು. ರಿಪೇರಿಯವನು ತಿರುಗಿಸಿ ನೋಡಿ, "ಮೋಟಾರ್ ಕಾಯಿಲ್ ಹೋಗಿದೆ ಸಾರ್, ರೀವೈಂಡಿಂಗ್‌ಗೆ 1800 ಆಗುತ್ತೆ, ಸುಮ್ನೆ ಹೊಸದು ತಗೊಳ್ಳಿ" ಅಂದ.

ಮಾರಿದವನಿಗೆ ಫೋನ್ ಮಾಡಿದೆ. ಎತ್ತಿದ. ಅದೇ ಆಶ್ಚರ್ಯ.

"ಸಾರ್, ನಾನು ಓಡಿಸಿ ತೋರಿಸಿದೆ ಅಲ್ವಾ?"

"ಖಾಲಿ ಓಡಿಸಿದ್ರಿ. ಅಕ್ಕಿ ಹಾಕಿದ್ರೆ ನಿಲ್ಲುತ್ತಲ್ಲ ಇದು!"

"ನೀವು ಕೇಳ್ಲಿಲ್ವಲ್ಲಾ ಸಾರ್."

ಈ ಮಾತಿಗೆ ಏನು ಹೇಳೋದು? ನಿಜ, ನಾನು ಕೇಳಲಿಲ್ಲ. ಗ್ರೈಂಡರ್ ತಗೊಳ್ಳುವಾಗ 'ಇದರಲ್ಲಿ ರುಬ್ಬಬಹುದಾ' ಅಂತ ಯಾರು ಕೇಳುತ್ತಾರೆ? ಚಿಕ್ಕಪೇಟೆಯ ಸಂಡೆ ಬಜಾರಿಗೆ ಹೋದರೆ ಕಣ್ಣು ನಾಲ್ಕು ಮಾಡಿಕೊಂಡು ಹೋಗುತ್ತೇವೆ. ಗುಜರಿ ಅಂಗಡಿಯವನು ಗ್ಯಾರಂಟಿ ಇಲ್ಲ ಅಂತ ಮುಂಚೆಯೇ ಹೇಳುತ್ತಾನೆ. ಇಲ್ಲಿ ಹಾಗಲ್ಲ. ಹಾಲ್‌ನಲ್ಲಿ ಕೂರಿಸಿ, ನೀರು ಕೊಟ್ಟು, ಮಗು ಕೈಯಲ್ಲಿ ಅಂಕಲ್‌ಗೆ ನಮಸ್ತೆ ಹೇಳಿಸಿ, ಆಮೇಲೆ ಟೋಪಿ ಹಾಕುತ್ತಾರೆ.

ಕೆಳಗಿನ ಮನೆಯಲ್ಲಿ ವಕೀಲರೊಬ್ಬರಿದ್ದಾರೆ. ನಮ್ಮ ದುಃಖ ಕೇಳಿ ಅವರಿಗೆ ಖುಷಿಯಾಯಿತು. "1872ರ ಕರಾರು ಕಾಯ್ದೆಯಲ್ಲಿ 17ನೇ ಸೆಕ್ಷನ್ ಅಂತ ಇದೆ. ಅದರಲ್ಲಿ ಒಂದು ಕುದುರೆ ಬರುತ್ತೆ ನೋಡಿ" ಅಂತ ಶುರು ಮಾಡಿದರು. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ. ಕುದುರೆ ಸರಿ ಇಲ್ಲ ಅಂತ ಅವನಿಗೆ ಗೊತ್ತು. ಆದರೂ ಬಾಯಿ ಬಿಡುವುದಿಲ್ಲ. ಅದು ಮೋಸ ಅಲ್ಲವಂತೆ! ಕೊಳ್ಳುವವಳು ಅವನ ಸ್ವಂತ ಮಗಳಾಗಿದ್ದು, ಆಗ ತಾನೇ ವಯಸ್ಸಿಗೆ ಬಂದವಳಾಗಿದ್ದರೆ ಮಾತ್ರ ಅವನು ಹೇಳಲೇಬೇಕು. ಇಲ್ಲವೇ ಕೊಳ್ಳುವವನು, 'ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂದುಕೊಳ್ತೀನಿ' ಅಂತ ಬಾಯಿಬಿಟ್ಟು ಹೇಳಿರಬೇಕು. ಆಗ ಅವನು ಸುಮ್ಮನಿದ್ದರೂ ಮಾತಾಡಿದ ಲೆಕ್ಕ.

"ನೀವು ಹಾಗೆ ಹೇಳಿದ್ರಾ?"

"ಇಲ್ಲ."

"ಅವರ ಮಗಳೂ ಅಲ್ಲ."

"ಅಲ್ಲ. ಆದ್ರೆ ಒಂದೇ ಸಲ ಬಳಸಿದ್ದು ಅಂತ ಹಾಕಿದ್ದನಲ್ಲ ಸಾರ್?"

"ಅದು ಸುಳ್ಳು ಅಂತಾದ್ರೆ ಮೋಸವೇ. ಸಾಕ್ಷಿ ಏನಿದೆ?"

ಸಾಕ್ಷಿ ಒಂದು ಬೆರಳು ದಪ್ಪ ಇತ್ತು. ನನ್ನ ಹೆಂಡತಿ ತಂದ ದಿನವೇ ತೆಂಗಿನ ನಾರು ಹಾಕಿ ತಿಕ್ಕಿ ತಿಕ್ಕಿ ತೊಳೆದಿದ್ದಳು. ವಕೀಲರು 1930ರ ಸರಕು ಮಾರಾಟ ಕಾಯ್ದೆಯನ್ನೂ ನೆನಪಿಸಿದರು. ಅದರಲ್ಲೂ ಮೂಲ ಮಾತು ಅದೇ: ಕೊಳ್ಳುವವನು ತಾನೇ ನೋಡಿ ಕೊಳ್ಳಬೇಕು. ಈ ಇಸವಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅದೇ ವಾರ ನಾವೂ ಒಂದು ಸಾಮಾನು ಮಾರುವುದಿತ್ತು. ಅಮ್ಮನ ಹೊಲಿಗೆ ಮಷೀನು. ಕಾಲಲ್ಲಿ ತುಳಿಯುವುದು. ಅಮ್ಮನಿಗೆ ಈಗ ಮಂಡಿನೋವು, ತುಳಿಯುವುದಕ್ಕೆ ಆಗುವುದಿಲ್ಲ. ಫೋಟೋ ತೆಗೆದದ್ದು ನಾನು. ಹಲಗೆಯಲ್ಲಿ ಒಂದು ಉದ್ದ ಬಿರುಕಿದೆ, ಅದರ ಮೇಲೆ ಕಸೂತಿ ಬಟ್ಟೆ ಹಾಸಿದೆ. ಅಂದಕ್ಕೆ ಅಂತಲೇ ಇಟ್ಟುಕೊಳ್ಳಿ. 'ಸುಸ್ಥಿತಿಯಲ್ಲಿದೆ' ಅಂತ ಬರೆದೆ. ಹಿಂದಿನ ದಿನ ತಾನೇ ನಾಗರಬಾವಿಯವನಿಗೆ ಏಳು ಜನ್ಮಕ್ಕಾಗುವಷ್ಟು ಶಾಪ ಹಾಕಿದ್ದೆ. ಬಟ್ಟೆ ಹಾಸುವಾಗ ಅದು ನೆನಪಾಗಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಅದಲ್ಲ. ನಾನು ಆಫೀಸಿನಲ್ಲಿರುತ್ತೇನೆ ಅಂತ ಜಾಹೀರಾತಿನಲ್ಲಿ ಅಪ್ಪನ ಫೋನ್ ನಂಬರ್ ಕೊಟ್ಟದ್ದು.

ಅಪ್ಪ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುತ್ತಿದ್ದವರು. ಕಂಡದ್ದನ್ನು ಕಂಡ ಹಾಗೆ ಬರೆಯುವುದು 33 ವರ್ಷದ ಅಭ್ಯಾಸ. ನಿವೃತ್ತಿಯಾದ ಮೇಲೂ ಹೋಗಿಲ್ಲ. ನೆಂಟರ ಮನೆಯಲ್ಲಿ ಪಾಯಸ ಹೇಗಿದೆ ಅಂತ ಯಾರೂ ಅಪ್ಪನನ್ನು ಕೇಳುವುದಿಲ್ಲ. ಹೊಲಿಗೆ ಮಷೀನಿನ ವಿಷಯಕ್ಕೆ ಅವರು ಒಂದು ಹಾಳೆಯಲ್ಲಿ ದೋಷಗಳನ್ನು ನಂಬರ್ ಹಾಕಿ ಬರೆದುಕೊಂಡು ಫೋನಿನ ಪಕ್ಕ ಇಟ್ಟುಕೊಂಡರು. ಒಂದು, ಬೆಲ್ಟ್ ಆಗಾಗ ಕಳಚುತ್ತದೆ. ಎರಡು, ಹಲಗೆ ಬಿರುಕು. ಮೂರು, ಪೆಡಲ್ ಬಿಗಿ. ನಾಲ್ಕು, ನಾಲ್ಕು ವರ್ಷದಿಂದ ದಾರ ಕಿತ್ತು ಹೋಗುತ್ತದೆ.

ಮೊದಲ ಮೂವರು ಗಿರಾಕಿಗಳು 'ಲಾಸ್ಟ್ ಎಷ್ಟು' ಅಂತ ಕೇಳಿದರು. ಅಪ್ಪ ಹಾಳೆ ಓದಿದರು. ಮೂವರೂ ಎರಡನೇ ನಂಬರಿಗೇ ಫೋನ್ ಇಟ್ಟರು.

ನಾಲ್ಕನೆಯ ಫೋನ್ ಬಂದಾಗ ಶನಿವಾರ, ನಾನು ಮನೆಯಲ್ಲೇ ಇದ್ದೆ. ಅಪ್ಪ ಸ್ಪೀಕರ್ ಹಾಕಿದ್ದರು. "ಅಂಕಲ್ ಜೀ, ಹಮ್ ಆರ್ಮಿ ಸೇ ಬೋಲ್ ರಹೇ ಹೈಂ" ಅಂತ ಗಂಭೀರ ದನಿ. ನನಗೆ ತಕ್ಷಣ ಗೊತ್ತಾಯಿತು. ಇದು ಹಳೇ ನಾಟಕ. ಸೈನಿಕ ಅಂತ ಹೇಳಿಕೊಂಡು ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ. ಸಾಮಾನು ನೋಡುವುದೇ ಇಲ್ಲ, ಚೌಕಾಸಿಯೂ ಮಾಡುವುದಿಲ್ಲ. ಅಡ್ವಾನ್ಸ್ ಹಾಕ್ತೀವಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುತ್ತಾರೆ. ದುಡ್ಡು ನಮಗೆ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುವುದೇ. ನಾನು ಕೈ ಬೀಸಿ 'ಇಡಿ, ಇಡಿ' ಅಂದೆ. ಅಪ್ಪ ನನ್ನನ್ನೇ ಗದರಿಸಿದರು. "ಗಡಿ ಕಾಯೋನು ಕಣೋ! ಅವನಿಗೆ ಮೋಸ ಮಾಡಬಾರದು."

ಅಪ್ಪನ ಹಿಂದಿ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ ಪೌರಾಣಿಕ ಧಾರಾವಾಹಿಗಳಿಂದ ಕಲಿತದ್ದು.

"ಪುತ್ರ್," ಅಂದರು ಅಪ್ಪ, "ಇಸ್ ಯಂತ್ರ್ ಮೇ ಚಾರ್ ದೋಷ್ ಹೈ."

"ಕೋಯೀ ಬಾತ್ ನಹೀ ಅಂಕಲ್, ಆಪ್ ಬಸ್ ಕೋಡ್ ಸ್ಕ್ಯಾನ್ ಕೀಜಿಯೇ."

"ನಹೀ ಪುತ್ರ್. ಪ್ರಥಮ್ ದೋಷ್ ಸುನೋ."

ಬೆಲ್ಟಿಗೆ ಹಿಂದಿಯಲ್ಲಿ ಏನನ್ನುತ್ತಾರೆ ಅಂತ ನನ್ನನ್ನು ಕೇಳಿದರು. ನಾನು ಹೇಳಲಿಲ್ಲ. ಅವರೇ ಹಗ್ಗ, ಚಕ್ರ ಅಂತ ಏನೋ ಸೇರಿಸಿ ದಾಟಿಸಿದರು. ಹಲಗೆಯ ಬಿರುಕಿನ ಹತ್ತಿರ ನಿಂತುಬಿಟ್ಟರು. ಬಿರುಕಿಗೆ ಪದ ಸಿಗಲಿಲ್ಲ. ಸ್ವಲ್ಪ ಯೋಚಿಸಿ, "ಕಾಷ್ಠ್ ಮೇ ಭೂಕಂಪ್ ಹುವಾ" ಅಂದರು.

ಆ ಕಡೆ ಗಾಬರಿ. "ಭೂಕಂಪ್? ಅಂಕಲ್, ಆಪ್ ಠೀಕ್ ಹೈಂ?"

"ಮೈ ಠೀಕ್. ಕಾಷ್ಠ್ ಠೀಕ್ ನಹೀ."

ಆತ ಮತ್ತೆ ಕೋಡ್ ಅಂದ. ಅಪ್ಪ ಮೂರನೇ ದೋಷಕ್ಕೆ ಬಂದರು. ಪೆಡಲ್ ಬಿಗಿ ಇದೆ, ಇದನ್ನು ತುಳಿಯುವವರು ಯಾರು ಅಂತ ವಿಚಾರಿಸಿದರು. ಪತ್ನಿಗೆ ಅಂದ. ಹಾಗಾದರೆ ಫೋನ್ ಅವಳಿಗೆ ಕೊಡು, ಮಂಡಿ ವಿಷಯ ಅವಳ ಹತ್ತಿರವೇ ಹೇಳಬೇಕು ಅಂದರು. ಅವಳು ಊರಿನಲ್ಲಿದ್ದಾಳೆ ಅಂದ. ಯಾವ ಊರು, ಅಲ್ಲಿ ಹೊಲಿಗೆ ಮಷೀನು ಸಿಗುವುದಿಲ್ಲವಾ, ಇಲ್ಲಿಂದ ಲಾರಿ ಬಾಡಿಗೆ ಎಷ್ಟಾಗುತ್ತದೆ ಗೊತ್ತಾ, ನಿನ್ನ ಸಂಬಳವನ್ನು ಯಾಕೆ ಹೀಗೆ ಹಾಳು ಮಾಡುತ್ತೀಯ, ಊಟ ಸರಿಯಾಗಿ ಕೊಡುತ್ತಾರಾ, ಚಳಿ ಹೇಗಿದೆ. ಹನ್ನೊಂದು ನಿಮಿಷ! ಕಡೆಗೆ ನಾಲ್ಕನೇ ದೋಷಕ್ಕೆ ಬರುವಷ್ಟರಲ್ಲಿ, "ರಹನೇ ದೀಜಿಯೇ ಅಂಕಲ್" ಅಂತ ಸೋತ ದನಿಯಲ್ಲಿ ಹೇಳಿ ಇಟ್ಟೇಬಿಟ್ಟ. ಅವನ ವೃತ್ತಿಯಲ್ಲಿ ಇಂಥ ಶನಿವಾರ ಇನ್ನೊಂದು ಬಂದಿರಲಾರದು.

ಅದು ಮೋಸದ ಕರೆ ಅಂತ ಅಪ್ಪನಿಗೆ ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಿತು. ಹೀಗೆ ದುಡ್ಡು ಕಳೆದುಕೊಂಡರೆ ತಕ್ಷಣ ಫೋನ್ ಮಾಡಬೇಕಾದ ಸೈಬರ್ ಸಹಾಯವಾಣಿ ನಂಬರ್ 1930 ಅಂತ ಅದೇ ಹಾಳೆಯ ಕೆಳಗೆ ಬರೆದುಕೊಟ್ಟೆ. ಬರೆಯುವಾಗಲೇ ಹೊಳೆದದ್ದು. ನೀನೇ ನೋಡಿ ಕೊಳ್ಳಪ್ಪ ಅಂದ ಕಾಯ್ದೆಯ ಇಸವಿಯೂ 1930, ನೋಡದೆ ಕೆಟ್ಟವನು ಒತ್ತಬೇಕಾದ ನಂಬರೂ 1930. ವಕೀಲರಿಗೆ ಹೇಳಿದೆ. ಅವರು ನಗಲಿಲ್ಲ.

ಮಾರನೇ ದಿನ ಕಾಮಾಕ್ಷಿಪಾಳ್ಯದಿಂದ ಒಬ್ಬ ಹೆಂಗಸು ಬಂದರು. ಬ್ಲೌಸ್ ಹೊಲಿದು ಕೊಡುವವರು. ಅಪ್ಪ ಹಾಳೆ ತೆಗೆದರು. ಆಕೆ "ಇರಿ ಅಂಕಲ್" ಅಂತ ಸ್ಟೂಲ್ ಎಳೆದುಕೊಂಡು ಕೂತರು. ಕಸೂತಿ ಬಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಬಿರುಕನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಫ್ಯಾನ್ ಹಾಕಲು ಎದ್ದೆ.

ದಾರ ಪೋಣಿಸಿ, ಒಂದು ತುಂಡು ಬಟ್ಟೆ ಇಟ್ಟು ನಾಲ್ಕು ಸಲ ತುಳಿದರು. ದಾರ ಕಿತ್ತಿತು. ಬಗ್ಗಿ ನೋಡಿದರು. ಒಂದು ಸ್ಕ್ರೂ ಸಡಿಲಿಸಿ, ಸೂಜಿ ತೆಗೆದು, ತಿರುಗಿಸಿ ಹಾಕಿದರು. ಮತ್ತೆ ತುಳಿದರು. ಟಕಟಕ ಅಂತ ಉದ್ದಕ್ಕೆ ಹೊಲಿಗೆ ಬಂತು, ಒಂದೂ ತಪ್ಪಿಲ್ಲ.

"ಏನೂ ಆಗಿಲ್ಲ ಅಂಕಲ್ ಇದಕ್ಕೆ. ಯಾರೋ ಸೂಜಿ ಉಲ್ಟಾ ಹಾಕಿದಾರೆ, ಅಷ್ಟೇ. ಒಳ್ಳೇ ಮಷೀನು."

ಆಕೆ ಸುಮ್ಮನಿರಬಹುದಿತ್ತು. ದಾರ ಕಿತ್ತು ಹೋಗುತ್ತಲ್ಲ ಅಂತ ಇನ್ನೊಂದು 500 ಇಳಿಸಬಹುದಿತ್ತು. ನಾವು ಕೊಟ್ಟೂ ಬಿಡುತ್ತಿದ್ದೆವು. 1872ರ ಕುದುರೆಯಾಣೆ, ಯಾವ ಸೆಕ್ಷನ್ನೂ ಆಕೆಯನ್ನು ಕೇಳುತ್ತಿರಲಿಲ್ಲ. ನಾನು ಹೀಗೆ ಕರಗಿ ನಿಂತಿರುವಾಗಲೇ ಆಕೆ, "ಆದ್ರೆ ಫೋನಲ್ಲಿ ಹೇಳಿದ 3000ಕ್ಕೇ ಕೊಡ್ಬೇಕು. ಸರಿ ಹೋಯ್ತು ಅಂತ ಜಾಸ್ತಿ ಮಾಡಬಾರ್ದು" ಅಂದರು.

ಒಳಗಿಂದ ಅಮ್ಮ ಬಂದರು. "ನಾಲ್ಕು ವರ್ಷದ ಹಿಂದೆ ಆ ಸೂಜಿ ಹಾಕಿದ್ದು ಯಾರು ಅಂತ ಹಾಳೆಯಲ್ಲಿ ಬರೆದಿದ್ದಾರಾ ನೋಡು" ಅಂದರು ನನಗೆ. ಅಪ್ಪ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಆಟೋದವನು ಬರುವವರೆಗೆ ಅಮ್ಮ ಡ್ರಾಯರ್ ಖಾಲಿ ಮಾಡುತ್ತಾ ಕೂತರು. ಅಳತೆಯ ಟೇಪು, ಬಾಬಿನ್‌ಗಳು, ಬಿಸ್ಕತ್ತಿನ ಡಬ್ಬಿ ತುಂಬ ಗುಂಡಿ. ಖಾಕಿ ಬಣ್ಣದ ಗುಂಡಿಗಳು ನನ್ನ ಸ್ಕೂಲ್ ಚಡ್ಡಿಯವು. ಜೂನ್ ತಿಂಗಳಲ್ಲಿ ಒಂದೇ ತಾನಿನಲ್ಲಿ ನನಗೂ ತಮ್ಮನಿಗೂ ಎರಡೆರಡು ಹೊಲಿಯುತ್ತಿದ್ದರು. ಬೆಳೆಯೋ ಹುಡುಗರು ಅಂತ ಒಳಗೆ ನಾಲ್ಕು ಬೆರಳು ಮಡಿಸಿ. ಆ ಟಕಟಕ ಕೇಳುತ್ತಾ ನಾವು ಮಲಗುತ್ತಿದ್ದೆವು, ನಿಂತರೆ ಎಚ್ಚರವಾಗುತ್ತಿತ್ತು. "ಬಾಬಿನ್ ತಗೊಂಡು ಹೋಗಮ್ಮ, ಅದಕ್ಕೆ ದುಡ್ಡು ಬೇಡ" ಅಂದರು ಅಮ್ಮ. "ರಾತ್ರಿ ಹೊತ್ತು ಕಪ್ಪು ಬಟ್ಟೆ ಹೊಲೀಬೇಡ, ಕಣ್ಣು ಹೋಗುತ್ತೆ." ಗುಂಡಿ ಡಬ್ಬಿಯನ್ನು ಕೊಡಲಿಲ್ಲ.

ಮಷೀನು ಹೋದ ಜಾಗದಲ್ಲಿ ಈಗ ಗೋಡೆ ಮೇಲೆ ಒಂದು ಬಿಳೀ ಚೌಕ ಇದೆ. ಗ್ರೈಂಡರನ್ನು ಅಲ್ಲಿಡೋಣ ಅಂದೆ. ಹೆಂಡತಿ ನೋಡಿದ ನೋಟಕ್ಕೆ ಆ ಯೋಜನೆ ಕೈಬಿಟ್ಟೆ. ಮಾರಿಬಿಡಿ ಅಂದಳು. ಸರಿ, ಜಾಹೀರಾತು ಬರೆಯೋಕೆ ಕೂತೆ. 'ಒಂದೇ ಸಲ ಬಳಸಿದ್ದು' ಅಂತ ಬರೆದರೆ ಈಗ ಅದು ನನ್ನ ಮಟ್ಟಿಗೆ ಅಪ್ಪಟ ನಿಜ. ಬೆರಳು ಅಲ್ಲಿಗೇ ಹೋಯಿತು. ಆದರೆ ಅಪ್ಪ ಹಿಂದೆ ನಿಂತು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಅಳಿಸಿ, 'ಖಾಲಿ ಚೆನ್ನಾಗಿ ತಿರುಗುತ್ತದೆ. ಅಕ್ಕಿ ಹಾಕಿದರೆ ಏಳನೇ ನಿಮಿಷಕ್ಕೆ ನಿಲ್ಲುತ್ತದೆ. ಮೋಟಾರ್ ಕೆಲಸ ಇದೆ. 700' ಅಂತ ಹಾಕಿದೆ. "ಏಳಲ್ಲ, ಎಂಟು" ಅಂದರು ಅಪ್ಪ. ತಿದ್ದಿದೆ.

ಮೂರು ದಿನ ಯಾರೂ ಬರಲಿಲ್ಲ. ಇವತ್ತು ಸಂಜೆ ಒಂದು ಮೆಸೇಜ್ ಬಂತು. 'ಅಕ್ಕಿ ಹಾಕಿದ್ರೆ ನಿಲ್ಲುತ್ತೆ ಓಕೆ. ಉದ್ದಿನಬೇಳೆ ಹಾಕಿದ್ರೆ?'

ಅದನ್ನು ನಾವು ಹಾಕಿ ನೋಡಿರಲಿಲ್ಲ. ಈಗ ತಾನೇ ಕಾಲು ಕೆಜಿ ನೆನೆಹಾಕಿ ಬಂದಿದ್ದೇನೆ. ಅಪ್ಪ ಗಡಿಯಾರ ಹಿಡಿದುಕೊಂಡು ಕಟ್ಟೆಯ ಹತ್ತಿರ ಆಗಲೇ ಕುರ್ಚಿ ಹಾಕಿಕೊಂಡಿದ್ದಾರೆ.