ತಬಲಾ ಕ್ಲಾಸಿನ ಬಾಯಿ, ಜಾಝ್ ಡ್ರಮ್ಮರನ ಕಿವಿ

ಬೆಳಗಾವಿ, ಬಾಗಲಕೋಟೆ ಕಡೆಯ ತಬಲಾ ಕ್ಲಾಸಿನಲ್ಲಿ ಹುಡುಗರು ಬೋಲುಗಳನ್ನು (ಧಾ, ಧಿನ್‌ನಂಥ ಪೆಟ್ಟಿನ ಅಕ್ಷರ) ಮೊದಲು ಬಾಯಲ್ಲಿ ಹೇಳುತ್ತಾರೆ, ಆಮೇಲೆ ಬಾರಿಸುತ್ತಾರೆ. ಕೈತಾಳ ಹಾಕುತ್ತ ತೀನತಾಲದ 16 ಮಾತ್ರೆ (ತಾಳದ ಎಣಿಕೆ) ತಪ್ಪಿಲ್ಲದೆ ಹೇಳದಿದ್ದರೆ ಗುರುಗಳು ಕಾಯದಾ (ಬೆಳೆಸುತ್ತ ಹೋಗುವ ಬೋಲಿನ ಪಾಠ) ಕೊಡುವುದಿಲ್ಲ. ಇದೊಂದು ದೊಡ್ಡ ಆಸ್ತಿ. ಅಮೆರಿಕದ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ 1957ರಿಂದ 1975ರವರೆಗೆ ಡ್ರಮ್ ಕಲಿಸಿದ ಜಾಝ್ ಡ್ರಮ್ಮರ್ ಅಲನ್ ಡಾಸನ್ ಅವರು ಇದೇ ದಾರಿಗೆ ಬಂದಿದ್ದರು: ಕೈಕಾಲಿನ ಅಭ್ಯಾಸ ನಡೆಯುವಾಗ ಶಿಷ್ಯ ಹಾಡಿನ ಧಾಟಿಯನ್ನು ಬಾಯಲ್ಲಿ ಹಾಡುತ್ತಿರಬೇಕು. 32 ಬಾರ್‌ಗಳ (ಬಾರ್ ಅಂದರೆ ಎಣಿಕೆಗಳ ಒಂದು ಗುಂಪು) ಹಾಡಿನಲ್ಲಿ ಎಲ್ಲಿದ್ದೇವೆ ಎಂಬುದನ್ನು ಬೆರಳೆಣಿಕೆಯಲ್ಲ, ಧಾಟಿಯೇ ಹೇಳಬೇಕು. ನಮ್ಮಲ್ಲಿ ಲಹರಾ (ತಬಲಾ ಜೊತೆಗೆ ಮರಳಿ ಮರಳಿ ನುಡಿಸುವ ಧಾಟಿ) ಮಾಡುವುದೂ ಅದನ್ನೇ. 1968ರಿಂದ ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ ತಂಡದಲ್ಲಿ ಬಾರಿಸತೊಡಗಿದ ಮೇಲೂ ಡಾಸನ್ ಪಾಠ ಬಿಡಲಿಲ್ಲ. ವೇದಿಕೆಯ ಅನುಭವ ಬಿಸಿಬಿಸಿಯಾಗಿಯೇ ಕ್ಲಾಸಿಗೆ ಬರುತ್ತಿತ್ತು.

ನಾವು ಹಿಂದೆ ಬಿದ್ದಿರುವುದು ಕೂಡಿ ಬಾರಿಸುವುದರಲ್ಲಿ. ಪರೀಕ್ಷೆಗೆಂದು ವರ್ಷಗಟ್ಟಲೆ ಒಬ್ಬನೇ ಬಾರಿಸಿದ ಹುಡುಗ ರೇಲಾ (ವೇಗದ ಬೋಲುಗಳ ಓಟ) ಸರಾಗವಾಗಿ ನುಡಿಸುತ್ತಾನೆ. ಆದರೆ ಖಯಾಲ್ ಹಾಡುವವರ ಪಕ್ಕ ವಿಲಂಬಿತ (ತೀರ ನಿಧಾನದ) ಏಕತಾಲದ 12 ಮಾತ್ರೆ ಹಿಡಿಯಲು ಕೂತರೆ ತಡಬಡಾಯಿಸುತ್ತಾನೆ. ಮಾತ್ರೆಗಳ ನಡುವಿನ ಖಾಲಿ ಜಾಗ ಅವನಿಗೆ ಸಹಿಸುವುದಿಲ್ಲ, ಲಯ ಏರುತ್ತದೆ.

ಜಾಝ್ ಡ್ರಮ್ಮರನ ಕೆಲಸ ಶುರುವಿನಿಂದಲೇ ಇನ್ನೊಬ್ಬರಿಗಾಗಿ. ಬಲಗೈ ರೈಡ್ ಸಿಂಬಲ್ ಎಂಬ ದೊಡ್ಡ ತಟ್ಟೆಯ ಮೇಲೆ ನಡೆ ಹಿಡಿಯುತ್ತದೆ, ಎಡಗಾಲು ಹೈಹ್ಯಾಟನ್ನು (ಜೋಡಿ ತಟ್ಟೆ) ನಾಲ್ಕು ಎಣಿಕೆಯಲ್ಲಿ 2 ಮತ್ತು 4ನೇ ಎಣಿಕೆಗೆ ಮುಚ್ಚುತ್ತದೆ, ಬಲಗಾಲು ಬೇಸ್ ಡ್ರಮ್ಮನ್ನು ನಾಲ್ಕೂ ಎಣಿಕೆಗೆ ಹಗುರಾಗಿ ಮುಟ್ಟುತ್ತದೆ, ಎಡಗೈ ಸ್ನೇರ್ ಎಂಬ ಚಿಕ್ಕ ಡ್ರಮ್ ಮೇಲೆ ಮುಖ್ಯ ವಾದಕನಿಗೆ ಉತ್ತರ ಕೊಡುತ್ತದೆ. ಬೇಸ್ ಡ್ರಮ್ ಜೋರಾದರೆ ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದ ನಾದ ಮುಚ್ಚಿಹೋಗುತ್ತದೆ. ತಬಲಾದಿಂದ ಡ್ರಮ್ಮಿಗೆ ಹೋಗುವ ನಮ್ಮ ಹುಡುಗರ ಕೈ ರೂಢಿಯಿಂದ ಸಮ್ (ತಾಳದ ಮೊದಲ ಎಣಿಕೆ) ಮೇಲೆಯೇ ಭಾರ ಹಾಕುತ್ತದೆ, ಸ್ವಿಂಗ್ ಎಂಬ ಜಾಝಿನ ತೂಗುವ ನಡೆ ಅಲ್ಲಿಯೇ ಕುಂಟುತ್ತದೆ. ಮದ್ದು ಸುಲಭ: ನಿಮಿಷಕ್ಕೆ 120ರ ಲಯ ಬೇಕಾದರೆ ಮೆಟ್ರೋನೋಮನ್ನು (ಟಿಕ್ ಟಿಕ್ ಎಂದು ಲಯ ಹೇಳುವ ಯಂತ್ರ) 60ಕ್ಕೆ ಇಟ್ಟು, ಅದರ ಟಿಕ್ಕನ್ನು 2 ಮತ್ತು 4 ಎಂದು ಕೇಳಿಸಿಕೊಳ್ಳಬೇಕು. ಒಂದನೆಯ ಎಣಿಕೆಯನ್ನು ಹುಡುಗ ತಾನೇ ಹುಟ್ಟಿಸಿಕೊಳ್ಳಬೇಕಾಗುತ್ತದೆ. ಡ್ರಮ್ ಸೆಟ್ಟಿಗೆ ದುಡ್ಡು ಸುರಿಯುವ ಮೊದಲು ಒಂದು ಪ್ರಾಕ್ಟೀಸ್ ಪ್ಯಾಡು, ಒಂದು ಜೊತೆ ಕೋಲು ಸಾಕು.

ಇನ್ನೊಬ್ಬರನ್ನು ಕೇಳಿ ಬಾರಿಸುವ ಈ ಕಿವಿ ನಮಗೆ ಹೊರಗಿನದೂ ಅಲ್ಲ. ಬಾಗಲಕೋಟೆ ಸೀಮೆಯ ಕರಡಿ ಮಜಲಿನ ಮೇಳದಲ್ಲಿ ಕರಡಿ ಎಂಬ ಚರ್ಮವಾದ್ಯ ಬಾರಿಸುವವನು ಒಂಟಿಯಾಗಿ ಕಲಿಯುವುದಿಲ್ಲ. ಶಹನಾಯಿಯ ತಿರುವು, ತಾಳದವನ ಕೈ ನೋಡಿಕೊಂಡೇ ಕಲಿಯುತ್ತಾನೆ. ಪ್ಯಾಟಿಯ ತಬಲಾ ಕ್ಲಾಸಿಗೆ ಮಾತ್ರ ಅದು ಬಂದಿಲ್ಲ.

ಮೊದಲ ವರ್ಷದಿಂದಲೇ ವಾರಕ್ಕೊಂದು ತಾಸು ಹಾಡಿನ ಕ್ಲಾಸಿನ ಮಕ್ಕಳನ್ನೂ ತಬಲಾ ಮಕ್ಕಳನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಬೇಕು. ತುಕಡಾ (ಮೊದಲೇ ಕಟ್ಟಿದ ಬೋಲಿನ ತುಣುಕು) ಬೇಡ, ಬರೀ ಠೇಕಾ (ತಾಳದ ಮೂಲ ನಡೆ). ಹಾಡುವ ಹುಡುಗಿ ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದು ಸಮ್‌ಗೆ ಬರುವ ತನಕ ತಬಲಾದವನ ಕಣ್ಣು ಅವಳ ಮುಖದ ಮೇಲಿರಲಿ, ತನ್ನ ಬೆರಳ ಮೇಲಲ್ಲ.