ಐದು ಸೆಕೆಂಡ್ ಸುಮ್ನಿರಿ

ಹೋದ ಬೇಸಿಗೆಯಲ್ಲಿ ತಿಪಟೂರಿನಲ್ಲಿ ದೊಡ್ಡಮ್ಮನ ಮನೆ ಗೃಹಪ್ರವೇಶ. ಬಾಗಿಲ ಹೊರಗೆ ನೆಂಟರ ಚಪ್ಪಲಿಗಳೆಲ್ಲ ಗೋಡೆಗುಂಟ ಸಾಲಾಗಿ ನಿಂತಿದ್ದವು. ಜೋಡಿಸಿದ್ದು ದೊಡ್ಡಮ್ಮನ ಎರಡೂವರೆ ವರ್ಷದ ಮೊಮ್ಮಗ. ಯಾರಾದರೂ ಒಂದು ಜೊತೆ ಹಾಕಿಕೊಂಡು ಹೊರಟರೆ ಕಿರುಚುತ್ತಿದ್ದ. "ಎಷ್ಟು ಶಿಸ್ತು ನೋಡು" ಅಂತ ಎಲ್ಲರೂ ನಗುತ್ತಿದ್ದರು. ನಾನು ಹಿಂದೆ ನಿಂತು ನಾಲ್ಕು ಸಲ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಅಡುಗೆಯವರು ತಟ್ಟೆ ಬೀಳಿಸಿದಾಗ ತಟ್ಟನೆ ತಿರುಗಿದ.

ನಾನು ನ್ಯೂಜೆರ್ಸಿಯಲ್ಲಿ ಮೂರರಿಂದ ಐದು ವರ್ಷದ ವಿಶೇಷ ಮಕ್ಕಳ ಟೀಚರ್. (ಊರಲ್ಲಿ ಇದನ್ನು "ಅಂಗನವಾಡಿ ತರಾನಾ?" ಎಂದು ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ.) ಊಟವಾದ ಮೇಲೆ ಅವನ ತಾಯಿಯಾದ ತಂಗಿಯನ್ನು ಪಕ್ಕಕ್ಕೆ ಕರೆದು, ಆಟಿಸಂ (ಮಾತು, ಬೆರೆಯುವುದು ಬೇರೆ ಥರ ಬೆಳೆಯುವ ಸ್ಥಿತಿ) ಇರಬಹುದು, ಒಂದ್ಸಲ ತಜ್ಞರಿಗೆ ತೋರಿಸು ಅಂದೆ. ದೊಡ್ಡಮ್ಮನ ಕಿವಿಗೆ ಬಿತ್ತು.

"ಗಂಡು ಮಕ್ಕಳು ಮಾತು ತಡ ಕಣೇ. ಅವರಪ್ಪ ಬಾಯಿ ಬಿಟ್ಟಿದ್ದೇ ನಾಲ್ಕು ವರ್ಷಕ್ಕೆ. ಅಮೆರಿಕಾದಿಂದ ಚಾಕಲೇಟ್ ತರ್ತೀಯಾ ಅಂದ್ಕೊಂಡ್ರೆ ಕಾಯಿಲೆ ತಂದ್ಯಾ?"

ಎಲೆ ಅಡಿಕೆ ಕೈಯಲ್ಲೇ ಉಳಿಯಿತು.

ಇಲ್ಲಿ ನ್ಯೂಜೆರ್ಸಿಯಲ್ಲಿ ಮೂರು ತುಂಬದ ಮಗುವಿನ ಬಗ್ಗೆ ಅನುಮಾನ ಬಂದರೆ ತಾಯಿಯೇ ಅದಕ್ಕೆಂದೇ ಇರುವ ಸರ್ಕಾರಿ ಸೇವೆಗೆ ಫೋನ್ ಮಾಡಬಹುದು. 45 ದಿನದೊಳಗೆ ಮಗುವನ್ನು ನೋಡಿ, ಮನೆಯವರ ಜೊತೆ ಕೂತು ಏನು ಮಾಡಬೇಕು ಅಂತ ಬರೆಯಬೇಕು. ನಿಯಮವೇ ಹಾಗಿದೆ. ಮೂರಾದ ಮೇಲೆ ನಮ್ಮ ತರಗತಿ. ಸರ್ಕಾರಿ ಶಾಲೆ, ಫೀಸಿಲ್ಲ.

ಆದರೆ ನನಗೆ ದೊಡ್ಡ ವ್ಯತ್ಯಾಸ ಅನ್ನಿಸುವುದು ಈ ಕಾಗದಪತ್ರ ಅಲ್ಲ. ನನ್ನ ಏಪ್ರನ್ ಜೇಬಲ್ಲಿ ಸೋಪಿನ ಗುಳ್ಳೆ ಊದುವ ಒಂದು ಡಬ್ಬಿ ಇರುತ್ತದೆ. ಎರಡು ಸಲ ಊದುತ್ತೇನೆ. ಮಗು ಕುಣಿಯುತ್ತದೆ. ಆಮೇಲೆ ಮುಚ್ಚಳ ಬಿಗಿಯಾಗಿ ತಿರುಗಿಸಿ ಅದರ ಕೈಗೇ ಕೊಟ್ಟು ಸುಮ್ಮನೆ ಕೂರುತ್ತೇನೆ. ಒಂದು, ಎರಡು, ಮೂರು... ಮಗು ಡಬ್ಬಿ ತಿರುಗಿಸಿ ನೋಡುತ್ತದೆ, ಕಚ್ಚುತ್ತದೆ, ಕೊನೆಗೆ ನನ್ನ ಕೈ ಹಿಡಿದು ಮುಚ್ಚಳದ ಮೇಲೆ ಇಡುತ್ತದೆ. ಅದು ಕೇಳಿದ ಹಾಗೆ. ಬಾಯಿಂದ ಒಂದಕ್ಷರ ಬರದಿದ್ದರೂ ಲೆಕ್ಕಕ್ಕೆ ಬರುತ್ತದೆ. ಹಾಳೆಯಲ್ಲಿ ಗೆರೆ ಎಳೆಯುತ್ತೇನೆ: ಇವತ್ತು 10ರಲ್ಲಿ 4 ಸಲ.

ನಮ್ಮ ಮನೆಗಳಲ್ಲಿ ಈ ಐದು ಸೆಕೆಂಡ್ ಯಾರಿಗೂ ಇಲ್ಲ. ಮಗು ನೀರಿನ ಕಡೆ ನೋಡಿದರೆ ಸಾಕು, ಮೂರು ಲೋಟ ಬರುತ್ತವೆ. ಅಜ್ಜಿ ಒಂದು, ಅತ್ತೆ ಒಂದು, ಚಿಕ್ಕಪ್ಪ ಒಂದು. ಕೇಳುವ ಮೊದಲೇ ಕೊಡುವುದು ನಮ್ಮಲ್ಲಿ ಪ್ರೀತಿ. ಸರಿ, ಆದರೆ ಮಗು ಕೇಳೋದು ಯಾವಾಗ? ಮಾತು ಬರಲಿ ಅಂತ ನಾಲ್ಕು ವರ್ಷ ಕಾಯೋಕೆ ತಯಾರು, ನೀರು ಕೇಳಲಿ ಅಂತ ಐದು ಎಣಿಸೋಕೆ ಆಗಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಅಮೆರಿಕಾದಲ್ಲೂ ಎಲ್ಲ ತಾನಾಗಿ ಬಂದದ್ದಲ್ಲ, ಒಪ್ಪುತ್ತೇನೆ. ಅಂಗವಿಕಲ ಮಕ್ಕಳಿಗೆ ಶಾಲೆಯ ಹಕ್ಕು ಕೊಟ್ಟ ಕಾನೂನು ಬಂದದ್ದು 1975ರಲ್ಲಿ. ಮೂರು ವರ್ಷದವರನ್ನೂ ಹಸುಗೂಸುಗಳನ್ನೂ ಗಟ್ಟಿಯಾಗಿ ಸೇರಿಸಿಕೊಂಡದ್ದು 1986ರಲ್ಲಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಆಟಿಸಂ ಸೇರಿ 21 ಬಗೆಯ ಅಂಗವೈಕಲ್ಯಗಳಿವೆ, ಆದರೆ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷಕ್ಕೆ. ಮೂರರ ಮಗು ಏನು ಮಾಡಬೇಕು?

ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ ಅನ್ನುವುದನ್ನೂ ಹೇಳಬೇಕು. ಅಲ್ಲಿನ ಪುಟಾಣಿ ತರಗತಿಯಲ್ಲಿ ತಾಯಂದಿರೂ ಜೊತೆಗೆ ಕೂತು ಕಲಿಯುತ್ತಾರೆ. ನನ್ನ ತರಗತಿಯ ಮಕ್ಕಳು ಹಳದಿ ಬಸ್ಸಲ್ಲಿ ಬಂದು ಬಸ್ಸಲ್ಲೇ ಹೋಗುತ್ತಾರೆ. ಕೆಲವರ ಅಮ್ಮಂದಿರ ಮುಖ ನೋಡಿದ್ದೇ ವರ್ಷದಲ್ಲಿ ಎರಡು ಸಲ. ಆ ಅಮ್ಮ ಸಂಜೆ ಫ್ಲಾಟ್‌ನಲ್ಲಿ ಒಬ್ಬಳೇ. ಲೋಟ ಹಿಡಿದು ಓಡಿಬರುವ ಮೂವರಲ್ಲಿ ಒಬ್ಬರೂ ಇಲ್ಲ. ಇದನ್ನು ಬರೆಯೋಕೆ ನನಗೆ ಮನಸ್ಸಿಲ್ಲ, ಆದರೂ ನಿಜ.

ತಂಗಿ ಅವರಮ್ಮನಿಗೆ ಹೇಳದೆ ಮೈಸೂರಿಗೆ ಹೋಗಿಬಂದಳು. ಹೋದ ತಿಂಗಳು ಒಂದು ವಿಡಿಯೋ ಕಳಿಸಿದ್ದಳು. ತಾರಸಿಯ ಮೇಲೆ ದೊಡ್ಡಮ್ಮ, ಕೈಯಲ್ಲಿ ಮೊಸರನ್ನದ ತುತ್ತು. ತುತ್ತು ಎತ್ತಿ ಹಿಡಿದಿದ್ದಾರೆ, ಕೊಡುತ್ತಿಲ್ಲ. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದಾರೆ, ಅದೂ ದೊಡ್ಡಮ್ಮ! ನಾನು ಎಣಿಸುತ್ತಾ ಹೋದೆ. ಏಳಕ್ಕೆ ಅವನು ಅಜ್ಜಿಯ ಮಣಿಕಟ್ಟು ಹಿಡಿದು ಬಾಯಿ ಹತ್ತಿರ ಎಳೆದುಕೊಂಡ.

"ಆಯ್ತಾ? ಕಳಿಸು ನಿಮ್ಮಕ್ಕನಿಗೆ" ಎಂದರು ದೊಡ್ಡಮ್ಮ, ಕ್ಯಾಮೆರಾ ಕಡೆ ನೋಡದೆ.